ಅಲ್ಪಸಂಖ್ಯಾತರ ನುಡಿ ಮತ್ತು ಅಹಿಂಸೆ

ಸೋವಿಯತ್ ಆಡಳಿತವು ಕುರ್ದ್ ಜನರಿಗೆ ಮೊದಲು ನುಡಿಯ ಹಕ್ಕನ್ನಿತ್ತಿತು. 1930ರಲ್ಲಿ ಯೆರೆವಾನಿನಿಂದ ‘ರಿಯಾ ತಾಜಾ’ ಎಂಬ ಕುರ್ದಿ ಪತ್ರಿಕೆ ಹೊರಟಿತು. 1937ರಲ್ಲಿ ಅದೇ ಆಡಳಿತವು ಪತ್ರಿಕೆಯನ್ನು ನಿಲ್ಲಿಸಿ, ಅರ್ಮೇನಿಯಾ ಮತ್ತು ಅಜರ್‌ಬೈಜಾನ್‌ಗಳ ಅನೇಕ ಕುರ್ದ್ ಕುಟುಂಬಗಳನ್ನು ಮಧ್ಯ ಏಷ್ಯಕ್ಕೆ ಗಡೀಪಾರು ಮಾಡಿತು. ಪತ್ರಿಕೆ ಮರಳಿ ಹೊರಟುದು 1955ರಲ್ಲಿ.

ನಮ್ಮ ನೆರೆಯ ಕಾಸರಗೋಡಿನ ಕನ್ನಡಿಗರಿಗೆ ಅಂತಹ ಕ್ರೌರ್ಯ ಒದಗಲಿಲ್ಲ. ಅಲ್ಲಿ ಚುನಾವಣೆಯುಂಟು, ನ್ಯಾಯಾಲಯವುಂಟು. ಆದರೆ ನೋವೂ ಉಂಟು. ಆ ನಾಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂಬ ಮಹಾಜನ ಆಯೋಗದ 1967ರ ಶಿಫಾರಸು ಜಾರಿಗೆ ಬರಲಿಲ್ಲ. 2017ರಲ್ಲಿ ಕಮ್ಯುನಿಸ್ಟರ ನೇತೃತ್ವದ ಸರ್ಕಾರವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಕನ್ನಡಿಗರು ಪ್ರತಿಭಟಿಸಿದರು. ಕನ್ನಡ ಶಾಲೆಗೆ ಕನ್ನಡವರಿಯದ ಶಿಕ್ಷಕರು ಬಂದಾಗಲೂ ಪ್ರತಿಭಟಿಸಿದರು.

ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂಬ 350ಎ ವಿಧಿಯು ಸಂವಿಧಾನಕ್ಕೆ ಸೇರಿದ್ದೂ 1956ರಲ್ಲಿಯೇ. ಆ ಮಾತು ಉಳಿಯುವುದು ತರಗತಿಯಲ್ಲಿ ಮಗುವಿನ ನುಡಿಯನ್ನು ಬಲ್ಲ ಗುರುವಿದ್ದಾಗ ಮಾತ್ರ.

ಅಹಿಂಸೆಯೆಂದರೆ ಕೊಲ್ಲದಿರುವುದಷ್ಟೇ ಅಲ್ಲ. ಮತ್ತೊಬ್ಬರ ಬಾಯಿ ಕಟ್ಟದಿರುವುದೂ ಹೌದು. ಕಾಸರಗೋಡಿನ ಕನ್ನಡ ಮಗುವಿಗಾಗಿ ಮರುಗುವ ನಾವು, ಕನ್ನಡವೇ ರಾಜ್ಯಭಾಷೆಯಾದ ನಮ್ಮ ರಾಜಾಜಿನಗರ, ವಿಜಯನಗರಗಳಲ್ಲಿ ನೆರೆಮನೆಯ ತಮಿಳು, ಉರ್ದು ಮಗುವಿನ ನುಡಿಯನ್ನೂ ಅದೇ ಕಣ್ಣಿನಿಂದ ಕಾಣಬೇಕು. ಅನೇಕಾಂತವನ್ನು ನಂಬಿದವರಿಗೆ ಇದು ಭಾರವಾಗದು.