ಇಂಕ್ ಪೆನ್ ಸೋರುತ್ತಿದೆಯೇ? ಸೂಪರ್ ಗ್ಲೂ ಹಾಕುವ ಮುನ್ನ ಇದನ್ನು ಓದಿ

ಬೀರುವಿನ ಮೂಲೆಯಲ್ಲಿ ಅಜ್ಜನ ಕಾಲದ ಇಂಕ್ ಪೆನ್ ಸಿಗುತ್ತದೆ. ಖುಷಿಯಿಂದ ಇಂಕ್ ತುಂಬಿಸಿ ಜೇಬಿಗಿಟ್ಟರೆ ಸಂಜೆಯ ಹೊತ್ತಿಗೆ ಅಂಗಿಯ ಮೇಲೆ ನೀಲಿ ಕಲೆ. ಆಗ ವಾಟ್ಸ್‌ಆ್ಯಪ್ ಸಲಹೆಗಳು ನೆನಪಾಗುತ್ತವೆ: "ಎರಡು ಹನಿ ಸೂಪರ್ ಗ್ಲೂ ಹಾಕಿ, ಮತ್ತೆ ಸೋರುವುದಿಲ್ಲ", "ಕುದಿಯುವ ನೀರಿನಲ್ಲಿ ಹಾಕಿ", "ಸ್ಪಿರಿಟ್‌ನಲ್ಲಿ ನೆನೆಸಿಡಿ". ಈ ಮೂರರಲ್ಲಿ ಯಾವುದನ್ನು ಮಾಡಿದರೂ ಪೆನ್ನು ಮತ್ತೆ ಸರಿಯಾಗದಂತೆ ಕೆಡಬಹುದು. ಹಾಗಾದರೆ ಮನೆಯಲ್ಲೇ ರಿಪೇರಿ ಸಾಧ್ಯವಿಲ್ಲವೇ? ಖಂಡಿತ ಸಾಧ್ಯ. ಆದರೆ ಮೊದಲು ಪೆನ್ನು ಏಕೆ ಸೋರುತ್ತದೆ ಎಂದು ತಿಳಿಯೋಣ.

ತೂತಿಲ್ಲದಿದ್ದರೂ ಸೋರುವುದೇಕೆ?

ನಿಬ್ಬಿನ ಕೆಳಗೆ ಸಣ್ಣ ಗೀರುಗಳಿರುವ ಕಪ್ಪು ತುಂಡೊಂದು ಇರುತ್ತದೆ. ಅದೇ ಫೀಡ್. ಅದರ ಕಾಲುವೆಯಲ್ಲಿ ಇಂಕ್ ಕೆಳಗಿಳಿದಷ್ಟೇ ಗಾಳಿ ಮೇಲೇರಬೇಕು. ಈ ಲೆಕ್ಕ ತಪ್ಪಿದರೆ ಒಂದೋ ಪೆನ್ನು ಬರೆಯುವುದಿಲ್ಲ, ಇಲ್ಲವೇ ಇಂಕ್ ಕಕ್ಕುತ್ತದೆ. ಅಮೆರಿಕದ ಲೂಯಿಸ್ ಎಡ್ಸನ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಇಂಥ ಫೀಡಿಗೇ.

ಫಿಲ್ಲರ್‌ನಿಂದ ನೇರವಾಗಿ ಕೊಳವೆಗೆ ಇಂಕ್ ತುಂಬುವ ಪೆನ್ನುಗಳಲ್ಲಿ ಇಂಕ್ ಖರ್ಚಾದಂತೆ ಆ ಜಾಗವನ್ನು ಗಾಳಿ ತುಂಬುತ್ತದೆ. ಕೈಯ ಶಾಖಕ್ಕೆ ಆ ಗಾಳಿ ಹಿಗ್ಗುತ್ತದೆ. ಒಳಗೆ 2 ಮಿಲಿ ಗಾಳಿಯಿದ್ದು ಅದು 25 ಡಿಗ್ರಿಯಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ಸುಮಾರು 0.07 ಮಿಲಿಯಷ್ಟು ಹಿಗ್ಗುತ್ತದೆ. ಅಂದರೆ ಒಂದು ಹನಿಗಿಂತ ತುಸು ಹೆಚ್ಚು ಇಂಕ್ ಹೊರಬೀಳಲು ಅಷ್ಟೇ ಸಾಕು! ಘಾಟಿ ಹತ್ತುವಾಗ ಅಥವಾ ವಿಮಾನದಲ್ಲಿ ಹೊರಗಿನ ಒತ್ತಡ ಇಳಿದಾಗಲೂ ಹೀಗೇ ಆಗುತ್ತದೆ. ಇದು ಪೆನ್ನಿನ ದೋಷವಲ್ಲ. ಇಂಕ್ ಕಾಲು ಭಾಗಕ್ಕೆ ಇಳಿಯುವ ಮೊದಲೇ ಮತ್ತೆ ತುಂಬಿಸಿ. ಪ್ರಯಾಣದಲ್ಲಿ ಪೆನ್ನನ್ನು ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ ಮೇಲ್ಮುಖವಾಗಿ ಇಡಿ.

ಸೋರುವ ಜಾಗ ಪತ್ತೆ ಹೇಗೆ?

ಪೆನ್ನನ್ನು ಚೆನ್ನಾಗಿ ಒರೆಸಿ, ಟಿಶ್ಯೂ ಪೇಪರ್ ಸುತ್ತಿ, ನಿಬ್ ಕೆಳಗಾಗಿ ಒಂದು ಲೋಟದಲ್ಲಿ ಅರ್ಧ ಗಂಟೆ ನಿಲ್ಲಿಸಿ. ಕಲೆ ನಿಬ್ಬಿನ ಬಳಿ ಮಾತ್ರ ಇದ್ದರೆ ಗಾಳಿಯ ಅಥವಾ ಫೀಡಿನ ಸಮಸ್ಯೆ. ಎರಡು ಭಾಗ ಸೇರುವ ತಿರುಪಿನ ಬಳಿ ಇದ್ದರೆ ಅಲ್ಲಿ ಸೀಲ್ ಮಾಡಬೇಕು. ಕೊಳವೆಯ ನಡುವೆ ಇದ್ದರೆ ಬಿರುಕು ಬಿಟ್ಟಿದೆ ಎಂದರ್ಥ.

ತಿರುಪಿಗೆ ಏನು ಹಚ್ಚಬೇಕು?

ಸಿಲಿಕೋನ್ ಗ್ರೀಸ್. ತಿರುಪನ್ನು ತೊಳೆದು ಒಣಗಿಸಿ, ಅಕ್ಕಿ ಕಾಳಿನಷ್ಟು ಗ್ರೀಸ್ ಸುತ್ತಲೂ ಸವರಿ ಮುಚ್ಚಿ. ನಿಬ್ಬಿಗೂ ಫೀಡಿಗೂ ತಾಗಬಾರದು, ತಾಗಿದರೆ ಇಂಕ್ ಹರಿಯುವುದಿಲ್ಲ. ಇಲ್ಲೊಂದು ಎಚ್ಚರ: ಬಾತ್‌ರೂಮಿಗೆ, ಅಕ್ವೇರಿಯಂಗೆ ಬಳಸುವ ಸಿಲಿಕೋನ್ ಸೀಲೆಂಟ್ ಬೇರೆಯದೇ ವಸ್ತು. ಅದು ಒಣಗಿ ರಬ್ಬರಿನಂತೆ ಅಂಟಿಕೊಳ್ಳುತ್ತದೆ. ಅಂಗಡಿಯಲ್ಲಿ "ಗ್ರೀಸ್" ಎಂದೇ ಕೇಳಿ.

ವ್ಯಾಸಲೀನ್ ಆಗದೇ? ಅದು ಪೆಟ್ರೋಲಿಯಂ ಜೆಲ್ಲಿ. ನೈಸರ್ಗಿಕ ರಬ್ಬರ್ ಅದರಿಂದ ಉಬ್ಬಿ ಮೆತ್ತಗಾಗುತ್ತದೆ. ಹಳೆಯ ಪೆನ್ನುಗಳ ಒಳಗೆ ರಬ್ಬರ್ ಚೀಲ ಇರುವುದುಂಟು. ಹಾಗಾಗಿ ಬೇಡ.

ಪದೇ ಪದೇ ಬಿಚ್ಚಬೇಕಿಲ್ಲದ ಕೀಲುಗಳಿಗೆ ಹಳೆಯ ಪೆನ್ ರಿಪೇರಿಯವರು ಬಳಸುತ್ತಿದ್ದದ್ದು ಶೆಲ್ಯಾಕ್, ಅಂದರೆ ಶುದ್ಧ ಮಾಡಿದ ಅರಗು. ಬಡಗಿಗಳು ಪಾಲಿಶ್‌ಗೆ ಬಳಸುವುದೂ ಇದನ್ನೇ. ಇದರ ದೊಡ್ಡ ಗುಣವೆಂದರೆ ಹದವಾದ ಶಾಖಕ್ಕೆ ಮೆತ್ತಗಾಗಿ ಮತ್ತೆ ಬಿಡಿಸಿಕೊಳ್ಳುತ್ತದೆ.

ಸೂಪರ್ ಗ್ಲೂ ಏಕೆ ಬೇಡ?

ಇದು ನೀರಿನಂತೆ ತೆಳು. ಇಂಕನ್ನು ಎಳೆಯುವ ಅದೇ ಸಣ್ಣ ಕಾಲುವೆಗಳು ಗ್ಲೂವನ್ನೂ ಒಳಗೆ ಎಳೆದುಕೊಳ್ಳುತ್ತವೆ. ತೇವ ತಾಗಿದೊಡನೆ ಅದು ಗಟ್ಟಿಯಾಗುತ್ತದೆ. ಆಮೇಲೆ ಪೆನ್ನನ್ನು ಬಿಚ್ಚಲೂ ಆಗದು, ತೊಳೆಯಲೂ ಆಗದು. ಗ್ಲೂ ಕರಗಿಸಲು ನೇಲ್ ಪಾಲಿಶ್ ರಿಮೂವರ್ ಹಾಕಿದರೆ ಅದರಲ್ಲಿರುವ ಅಸಿಟೋನ್ ಪೆನ್ನಿನ ಪ್ಲಾಸ್ಟಿಕ್ಕನ್ನೇ ಕರಗಿಸಬಹುದು.

ಕಟ್ಟಿಕೊಂಡ ಪೆನ್ನು ತೊಳೆಯುವುದು ಹೇಗೆ?

ಬರೆಯದ ಪೆನ್ನಿಗೆ ಬಹುತೇಕ ನೀರೇ ಮದ್ದು. ಕೋಣೆಯ ಬಿಸಿಯ ನೀರಿನಲ್ಲಿ ನಿಬ್ ಭಾಗವನ್ನು ಮಾತ್ರ ರಾತ್ರಿಯಿಡೀ ನೆನೆಸಿ. ನೀರು ತಿಳಿಯಾಗುವವರೆಗೆ ಬದಲಿಸಿ. ಇನ್ನೂ ಕಟ್ಟಿದ್ದರೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ಆಮೇಲೆ ಚೆನ್ನಾಗಿ ಜಾಲಿಸಿ. ಕೆಲವರು ನೀರಿಗೆ ಅಮೋನಿಯಾ ಬೆರೆಸುತ್ತಾರೆ. ಅದಕ್ಕೆ ಬ್ಲೀಚ್ ಎಂದೂ ಸೇರಿಸಬೇಡಿ, ಏಳುವ ಅನಿಲ ಶ್ವಾಸಕೋಶಕ್ಕೆ ಅಪಾಯಕಾರಿ.

ಕುದಿಯುವ ನೀರು ಬೇಡ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ರಬ್ಬರಿಗೆ ಗಂಧಕ ಬೆರೆಸಿ ಮಾಡುವ ಕಪ್ಪು ಎಬೊನೈಟ್ ಪೆನ್ನು ಹಳೆಯದಾಗಿದ್ದರೆ ಬಿಸಿನೀರಿಗೆ ಮಾಸಿ ಕಂದು ಬಣ್ಣಕ್ಕೆ ತಿರುಗುತ್ತದೆ. ಸ್ಪಿರಿಟ್ ಕೂಡ ಬೇಡ. ಅದು ಶೆಲ್ಯಾಕ್ ಕರಗಿಸುತ್ತದೆ, ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ಮೂಡಿಸುತ್ತದೆ.

ಪೆನ್ನನ್ನು ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಇರಬಹುದು. ಸೆಲ್ಯುಲಾಯ್ಡ್ ತಯಾರಿಕೆಯಲ್ಲಿ ಕರ್ಪೂರ ಬಳಸುತ್ತಾರೆ, ಮತ್ತು ಅದು ಬಹಳ ಬೇಗ ಬೆಂಕಿ ಹಿಡಿಯುತ್ತದೆ. ಮೇಣದಬತ್ತಿ, ಲೈಟರ್ ಹತ್ತಿರವೂ ತರಬೇಡಿ.

ನಿಬ್ಬನ್ನು ಕಲ್ಲಿಗೆ ಉಜ್ಜಬಹುದೇ?

ಶಾಲೆಯಲ್ಲಿ ನಾವೆಲ್ಲ ನಿಬ್ಬನ್ನು ನೆಲಕ್ಕೆ ಉಜ್ಜಿದವರೇ, ಸೀಳಿಗೆ ಬ್ಲೇಡ್ ತೂರಿಸಿದವರೇ. ಆದರೆ ಒಳ್ಳೆಯ ನಿಬ್ಬುಗಳ ತುದಿಯಲ್ಲಿ ಸವೆಯದ ಗಟ್ಟಿ ಲೋಹದ ಪುಟ್ಟ ಗುಂಡು ಇರುತ್ತದೆ. ಕಲ್ಲಿಗೆ ಉಜ್ಜಿದರೆ ಅದೇ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಡ್ರಾಯಿಂಗ್‌ಗೆ ಬಳಸುವ ಇಂಡಿಯನ್ ಇಂಕ್ ಕೂಡ ಬೇಡ. ಅದರಲ್ಲಿರುವ ಅಂಟು ಒಣಗಿದರೆ ಫೀಡ್ ಕಟ್ಟಿಕೊಳ್ಳುತ್ತದೆ.

ಕೊನೆಯ ಮಾತು

ಮನೆಯ ರಿಪೇರಿಗೆ ಒಂದೇ ನಿಯಮ ಸಾಕು: ನಾಳೆ ಬಿಚ್ಚಲಾಗದ್ದನ್ನು ಇಂದು ಹಚ್ಚಬೇಡಿ. ನೀರು ಮತ್ತು ಸಿಲಿಕೋನ್ ಗ್ರೀಸ್, ಇವೆರಡರಿಂದ ತಪ್ಪಾದರೂ ತಿದ್ದಿಕೊಳ್ಳಬಹುದು. ಕೊಳವೆ ಬಿರುಕು ಬಿಟ್ಟಿದ್ದರೆ, ಪೆನ್ನು ಸೆಲ್ಯುಲಾಯ್ಡ್ ಆಗಿದ್ದರೆ ಅಥವಾ ನಿಬ್ಬು ಚಿನ್ನದ್ದಾಗಿದ್ದರೆ ಕೈ ಹಾಕದೆ ಪೆನ್ ರಿಪೇರಿ ಬಲ್ಲವರಿಗೆ ಕೊಡಿ. ಗ್ಲೂ ಹಾಕುವ ವಿಡಿಯೊ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ ಅದನ್ನು ಮುಂದೆ ಕಳಿಸುವ ಬದಲು ಈ ಬರಹ ಕಳಿಸಿ. ಯಾರದೋ ಮನೆಯ ಅಜ್ಜನ ಪೆನ್ನು ಉಳಿದೀತು.