ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿ

ಗದಗಿನ ವೀರೇಶ್ವರ ಪುಣ್ಯಾಶ್ರಮದ ಆಶ್ರಯದಲ್ಲಿ ಬೆಳೆದ ವೃತ್ತಿ ನಾಟಕ ಮಂಡಳಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಜನ ಮುಗಿಬಿದ್ದು ನೋಡುವ ಕಂಪನಿ ನಾಟಕಗಳ ಪರಂಪರೆಗೆ ಸೇರಿದ್ದು. ಆಶ್ರಮದ ಸ್ಥಾಪಕ ಪಂಚಾಕ್ಷರಿ ಗವಾಯಿ (1892–1944) ಹುಟ್ಟು ಅಂಧರು. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಅಂಧ, ಅನಾಥ ಮಕ್ಕಳಿಗೆ ಧಾರೆಯೆರೆದರು. ಶಿಷ್ಯ ಪುಟ್ಟರಾಜ ಗವಾಯಿ (1914–2010) ಶೈಶವದಲ್ಲೇ ದೃಷ್ಟಿ ಕಳೆದುಕೊಂಡವರು. ಗಾಯಕರಾಗಿ, ಹಲವು ವಾದ್ಯಗಳ ನಿಪುಣರಾಗಿ ಹೆಸರಾದ ಅವರು ಶರಣರ, ಪುರಾಣಪುರುಷರ ಕಥೆಗಳನ್ನು ನಾಟಕವಾಗಿ ಬರೆದರು. ಕಂಪನಿಯ ಗಳಿಕೆ ಆಶ್ರಮದ ಮಕ್ಕಳ ಅನ್ನಕ್ಕೂ ವಿದ್ಯೆಗೂ ಒದಗಿತು. ಕಣ್ಣಿಲ್ಲದವರೇ ನಾಟಕಕಾರರೂ ಸಂಗೀತಗಾರರೂ ಆಗಿ ಮುನ್ನಡೆಸಿದ ಈ ಸಾಹಸಕ್ಕೆ ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಇನ್ನೂ ದೊಡ್ಡ ಸ್ಥಾನ ಸಲ್ಲಬೇಕು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಸಂದಿತು.