ಆನೆ ಪಟ್ಟಿಕೆಯ ಓದುಗರು

ಕೆ.ಆರ್. ಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಟಿಪ್ಪಣಿ ಪುಸ್ತಕ ಹಿಡಿದು ಹಲವು ಸಲ ಹೋಗಿದ್ದೇನೆ. ಕಳೆದ ಬಾರಿ ಅಕ್ಕನ ಎರಡು ವರ್ಷದ ಮಗಳೂ ಜೊತೆಗಿದ್ದಳು. ಸುಮಾರು 1250ರ ಈ ಹೊಯ್ಸಳ ಗುಡಿಯ ಗೋಡೆಯ ತಳದಲ್ಲಿ ಆರು ಪಟ್ಟಿಕೆಗಳಿವೆ. ಕೆಳಗಿನಿಂದ ಎಣಿಸಿದರೆ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕತೆ, ಮಕರ, ಹಂಸ. ನಾನು ನಾಲ್ಕನೆಯದರ ಮುಂದೆ ನಿಂತು ರಾಮಾಯಣದ ಪ್ರಸಂಗ ಗುರುತಿಸುತ್ತಿದ್ದೆ. ಅವಳು ಮೊದಲನೆಯದರ ಮುಂದೆ ಕುಳಿತು ಆನೆಯ ಮೇಲೆ ಅಂಗೈ ಇಟ್ಟಿದ್ದಳು. ಆಮೇಲೆ ಮುಂದಿನ ಆನೆ, ಅದರ ಮುಂದಿನದು. ಗುಡಿ ಸುತ್ತುವುದೇ ಅವಳಿಗೆ ಪುಟ ತಿರುಗಿಸುವುದಾಗಿತ್ತು.

ನನ್ನ ಟಿಪ್ಪಣಿಯಲ್ಲಿ ಆ ಸಾಲಿಗೆ ಸಿಕ್ಕಿದ್ದು ಒಂದೇ ಪದ: ಗಜಪಟ್ಟಿಕೆ. ಭಾರ ಹೊರುವ ಪ್ರಾಣಿಯಾದ್ದರಿಂದ ಆನೆ ಅಡಿಯಲ್ಲಿದೆ ಎಂದು ವಿವರಿಸುವುದುಂಟು. ಶಿಲ್ಪಿ ಅದನ್ನು ಮಗುವಿಗೆಂದೇ ಕೆತ್ತಿದ ಎನ್ನಲು ಆಧಾರವಿಲ್ಲ. ಆದರೆ ಮಗುವಿನ ಕೈಗೆ ಎಟುಕುವುದು ಆ ಸಾಲೇ. ಯಾರು ಕಟ್ಟಿಸಿದರು ಎಂದು ಕೇಳುವ ನಾವು, ಯಾರು ಮುಟ್ಟಿ ನೋಡಿದರು ಎಂದು ಕೇಳುವುದಿಲ್ಲ.

"ಮುಟ್ಟಬಾರದು" ಎಂದು ಅವಳನ್ನು ಎತ್ತಿಕೊಂಡವಳು ನಾನೇ. ಕಲ್ಲು ಸವೆಯುತ್ತದೆ, ನಿಜ. ಮುಟ್ಟುವ ಸುಖಕ್ಕೂ ಸವೆತಕ್ಕೂ ಇರುವ ಈ ನಂಟಿಗೆ ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಕತೆಯಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಮರದ ಹುಲಿ ಇಂಗ್ಲಿಷರ ಕೈಸೇರಿತು. ಹಿಡಿ ತಿರುಗಿಸಿದರೆ ಹುಲಿ ಗುರ್ರೆನ್ನುತ್ತಿತ್ತು, ಅದರಡಿ ಬಿದ್ದ ಮನುಷ್ಯ ನರಳುತ್ತ ಕೈ ಎತ್ತುತ್ತಿದ್ದ. ಅದು ಮಕ್ಕಳ ಆಟಿಕೆಯಲ್ಲ. ಆದರೂ 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಅದನ್ನು ಕಂಡ ದೊಡ್ಡವರು ಮಕ್ಕಳಂತೆಯೇ ಹಿಡಿ ತಿರುಗಿಸಿದರು. ಪಕ್ಕದಲ್ಲಿ ಓದುತ್ತಿದ್ದವರಿಗೆ ತಲೆ ಚಿಟ್ಟು ಹಿಡಿಯಿತು. ಯಂತ್ರ ಕೆಟ್ಟಿತು, ಕೊನೆಗೆ ಹಿಡಿಯೇ ಕಾಣೆಯಾಯಿತು.

ಈ ತೊಡಕನ್ನು ಬಿಡಿಸಿದ್ದು ಅಗ್ಗದ ಕಾಗದ. ಕೊಮೇನಿಯಸ್ 1658ರಲ್ಲೇ ತನ್ನ ಸಚಿತ್ರ ಪಠ್ಯದಲ್ಲಿ ಪ್ರಾಣಿಗಳ ಕೂಗಿನಿಂದ ಅಕ್ಷರ ಕಲಿಸಲು ಹೊರಟಿದ್ದ. 1940ರಲ್ಲಿ ಡೊರೊಥಿ ಕುನ್‌ಹಾರ್ಟ್ ಎಂಬ ಅಮೆರಿಕದ ತಾಯಿ 'ಪ್ಯಾಟ್ ದ ಬನ್ನಿ' ತಂದಳು. ಅದರ ಪುಟದಲ್ಲಿ ಮೊಲದ ಮೈ ಸವರಬಹುದಿತ್ತು. ಸವೆದರೆ ಸವೆಯಲಿ, ಇನ್ನೊಂದು ಪ್ರತಿ ಇದೆ. ಸವೆಯಲೆಂದೇ ಮಾಡಿದ ಪುಸ್ತಕವದು. ಮಗುವಿಗೆ "ಮುಟ್ಟು" ಎಂದು ಹೇಳಿದ್ದೇ ಅದರ ದೊಡ್ಡತನ.

ನಮ್ಮ ಮನೆಯಲ್ಲೂ ಅಂಥದ್ದೊಂದು ಇದೆ, ಮೈಸೂರಿನಲ್ಲಿ ಕೊಂಡದ್ದು. ಮುಚ್ಚಳ ಎತ್ತಿದರೆ ಪೆಂಗ್ವಿನ್, ಗುಂಡಿ ಒತ್ತಿದರೆ ಹಸು 'ಮೂ' ಎನ್ನುತ್ತದೆ. ನಮ್ಮ ಕೊಟ್ಟಿಗೆಯ ಹಸು ಮಾತ್ರ 'ಅಂಬಾ' ಎನ್ನುತ್ತದೆ. ಮಗು ಎರಡನ್ನೂ ಕೇಳಿ ನನ್ನ ಮುಖ ನೋಡುತ್ತದೆ.

ಆ ಅಮೆರಿಕದ ಪುಸ್ತಕ ಬಂದ 1940ರಲ್ಲೇ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮವಾಯಿತು. ಅಲ್ಲಿ ಬಂಡೆಯ ಮೇಲೆ ಬಾಯಿ ತೆರೆದು ಮಲಗುವ ಮೊಸಳೆಗಳಿವೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಾಡಿನಲ್ಲಿ ತೋಳಗಳಿವೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನವಿಲುಗಳಿವೆ. ಹೊಸಹೊಳಲಿನ ಆನೆ ಇದ್ದೇ ಇದೆ. ನಾಲ್ಕು ತಾಲ್ಲೂಕು, ನಾಲ್ಕು ದಪ್ಪ ರಟ್ಟಿನ ಪುಟ. ಒಂದರಲ್ಲಿ ದವಡೆ ತೆರೆಯಲಿ, ಒಂದರಲ್ಲಿ ಗರಿ ಬಿಚ್ಚಲಿ. ಆನೆಯ ಪುಟ ಮಾತ್ರ ಕಲ್ಲಿನಂತೆ ತರಿತರಿಯಾಗಿರಲಿ.

ಈಚೆಗೆ ನನ್ನ ಟಿಪ್ಪಣಿಯ 'ಗಜಪಟ್ಟಿಕೆ' ಎಂಬ ಪದದ ಪಕ್ಕ ಇನ್ನೊಂದು ಸಾಲು ಸೇರಿಸಿದೆ: "ಎರಡು ವರ್ಷದವರ ಎದೆಯೆತ್ತರ." ನನ್ನ ಪ್ರಬಂಧಕ್ಕೆ ಅದು ಬೇಕಾಗುತ್ತದೋ ಇಲ್ಲವೋ, ಅಳಿಸಲಾರೆ.